ನಿರುಪದ್ರವಿ ಅಂದ ಬ್ಯಾಕ್ಟೀರಿಯಾ ಮಾವನವರ ರಕ್ತದಲ್ಲಿ ಹೇಗೆ ಬಂತು?

ಪ್ರಶ್ನೆ: ಡಾಕ್ಟರೇ, ನಮ್ಮ ಮಾವನವರಿಗೆ 66 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ. ಮೂರು ವಾರದ ಹಿಂದೆ ಪ್ಯಾಂಕ್ರಿಯಾಸ್ ಊದಿಕೊಂಡು ಐಸಿಯು ಸೇರಿದರು. 9ನೇ ದಿನ ಜ್ವರ ಬಂತು. ಬ್ಲಡ್ ಕಲ್ಚರ್ ಮಾಡಿಸಿದಾಗ ‘ಕೋಯಾಗ್ಯುಲೇಸ್ ನೆಗೆಟಿವ್ ಸ್ಟೆಫಿಲೋಕಾಕಸ್’ ಎಂದು ಬಂತು. ‘ಇದು ಎಲ್ಲರ ಚರ್ಮದ ಮೇಲೂ ಇರುತ್ತೆ, ನಿರುಪದ್ರವಿ, ತಲೆ ಕೆಡಿಸ್ಕೋಬೇಡಿ’ ಎಂದರು ಡಾಕ್ಟರು. 17ನೇ ದಿನ ನಡುಕ ಹತ್ತಿ ಮತ್ತೆ ಜ್ವರ. ರಿಪೋರ್ಟಿನಲ್ಲಿ ಮತ್ತೆ ಅದೇ ಹೆಸರು. ಈ ಸಲ ಇನ್ನೊಬ್ಬ ಡಾಕ್ಟರು ಕತ್ತಿನ ಲೈನ್ (ರಕ್ತನಾಳಕ್ಕೆ ಹಾಕಿದ್ದ ಪೈಪು) ತೆಗೆಸಿ, ಇನ್ನೊಂದು ಬದಿಗೆ ಹೊಸದು ಹಾಕಿ, ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದರು. ಇಬ್ಬರಲ್ಲಿ ಯಾರು ಸರಿ? ಇದು ಆಸ್ಪತ್ರೆಯವರ ತಪ್ಪಾ? ನಾನು ಕೈ ತೊಳೆಯದೆ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ನಾದಿನಿ ಹೇಳುತ್ತಿದ್ದಾರೆ. ಅತ್ತೆಯವರು ‘ಒಳ್ಳೆ ಬ್ಯಾಕ್ಟೀರಿಯಾ’ ಇರುವ ಪ್ರೋಬಯಾಟಿಕ್ ಪುಡಿಯನ್ನು ಮೂಗಿನ ಪೈಪಿನಲ್ಲಿ ಕೊಡಿಸಿ ಎಂದು ಹಟ ಹಿಡಿದಿದ್ದಾರೆ. ಎರಡೂ ರಿಪೋರ್ಟ್ ಕಳಿಸಿದ್ದೇನೆ. — ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ಮೊದಲು ನಾದಿನಿಯವರ ಮಾತನ್ನು ಬಗೆಹರಿಸಿಬಿಡೋಣ, ಮನೆಯಲ್ಲಿ ಸ್ವಲ್ಪ ನೆಮ್ಮದಿಯಾಗಲಿ. ನಿಮ್ಮ ಕೈಯಿಂದ ಬಂದಿರುವ ಸಾಧ್ಯತೆ ತೀರಾ ಕಡಿಮೆ. ನೀವು ಮಾವನವರ ಕೈ ಹಿಡಿದಿರಬಹುದು, ಹಣೆ ಸವರಿರಬಹುದು. ಕತ್ತಿನ ಲೈನಿನ ಮುಚ್ಚಳ ತೆಗೆದು ಸಿರಿಂಜ್ ಹಾಕಿಲ್ಲವಲ್ಲ? ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಎರಡು ದಾರಿಯಲ್ಲಿ ಒಳಗೆ ಹೋಗುತ್ತದೆ. ಒಂದು, ಲೈನ್ ಚುಚ್ಚಿದ ಜಾಗದಲ್ಲಿ ರೋಗಿಯ ಸ್ವಂತ ಚರ್ಮದಿಂದ, ಪೈಪಿನ ಹೊರಮೈ ಹಿಡಿದುಕೊಂಡು. ಇನ್ನೊಂದು, ಔಷಧಿ ಕೊಡಲು ದಿನಕ್ಕೆ ಹತ್ತಾರು ಸಲ ತೆರೆಯುವ ಲೈನಿನ ಬಾಯಿಯಿಂದ, ಪೈಪಿನ ಒಳಮೈ ಹಿಡಿದು. ಎರಡೂ ಕಡೆ ನಿಮಗೆ ಕೆಲಸವಿರಲಿಲ್ಲ. ಕೈ ತೊಳೆದುಕೊಂಡೇ ಒಳಗೆ ಹೋಗಬೇಕು, ಅದು ಬೇರೆ ವಿಷಯ.

ಇನ್ನು ಇಬ್ಬರು ಡಾಕ್ಟರಲ್ಲಿ ಯಾರು ಸರಿ? ರಿಪೋರ್ಟ್ ನೋಡಿದರೆ ಇಬ್ಬರೂ ಸರಿ ಅನ್ನಿಸುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬ್ಲಡ್ ಕಲ್ಚರ್ ಅಂದರೆ ರಕ್ತವನ್ನು ಬ್ಯಾಕ್ಟೀರಿಯಾದ ಊಟ ತುಂಬಿದ ಬಾಟಲಿಗೆ ಹಾಕಿ, ಮೈಯ ಬಿಸಿಯಲ್ಲೇ ಇಟ್ಟು ಕಾಯುವುದು. ದೊಡ್ಡವರಿಗಾದರೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ. ಎರಡು ಬಾಟಲಿಗೆ ಒಂದು ಸೆಟ್. ಒಂದು ಸೆಟ್ ಒಂದು ಜಾಗದಿಂದ, ಇನ್ನೊಂದು ಸೆಟ್ ಬೇರೆ ಜಾಗದಿಂದ ತೆಗೆಯಬೇಕು. ಮೆಷಿನ್ ಕೆಲವು ನಿಮಿಷಕ್ಕೊಮ್ಮೆ ಪ್ರತಿ ಬಾಟಲಿಯನ್ನೂ ನೋಡುತ್ತಿರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಕಾರ್ಬನ್ ಡೈಆಕ್ಸೈಡ್ ಬಿಟ್ಟ ಕೂಡಲೇ ಕೂಗುತ್ತದೆ. ಸಾಮಾನ್ಯವಾಗಿ ಐದು ದಿನ ಕಾಯುತ್ತೇವೆ. ರಾತ್ರಿ ಎರಡು ಗಂಟೆಗೆ ಆ ಬೀಪ್ ಸದ್ದಿಗೆ ಎದ್ದು ಓಡಿದ್ದು ನನಗೆ ಲೆಕ್ಕವಿಲ್ಲ.

ನಿಮ್ಮ ಮೊದಲನೇ ರಿಪೋರ್ಟಿನ ಎರಡನೇ ಪುಟ ನೋಡಿ. ಅದನ್ನು ಮನೆಯವರು ಯಾರೂ ಓದುವುದಿಲ್ಲ. ನಾಲ್ಕು ಬಾಟಲಿ ಕಳಿಸಿದ್ದಾರೆ. ಬೆಳೆದದ್ದು ಒಂದರಲ್ಲಿ ಮಾತ್ರ. ಅದೂ 38 ಗಂಟೆ ಕಾದ ಮೇಲೆ. ಇದನ್ನು ನಾವು ‘ಕಂಟಾಮಿನೇಷನ್’ ಅನ್ನುತ್ತೇವೆ. ಸೂಜಿ ಚರ್ಮ ದಾಟುವಾಗ ಅಲ್ಲಿದ್ದ ಒಂದೆರಡು ಬ್ಯಾಕ್ಟೀರಿಯಾ ಜೊತೆಯಲ್ಲಿ ಬಂದು ಬಾಟಲಿಗೆ ಬಿದ್ದಿವೆ, ಅಷ್ಟೇ. ರಕ್ತದಲ್ಲಿ ಇರಲೇ ಇಲ್ಲ. ಚರ್ಮಕ್ಕೆ ಎಷ್ಟು ಸ್ಪಿರಿಟ್ ಉಜ್ಜಿದರೂ ಕೂದಲ ಬುಡದಲ್ಲಿ, ಬೆವರಿನ ರಂಧ್ರದಲ್ಲಿ ಒಂದಷ್ಟು ಉಳಿದೇ ಉಳಿಯುತ್ತವೆ. ಒಳ್ಳೆಯ ಆಸ್ಪತ್ರೆಯಲ್ಲೂ ನೂರು ಕಲ್ಚರಿಗೆ ಒಂದೆರಡು ಹೀಗಾಗುತ್ತದೆ. ನೂರಕ್ಕೆ ಮೂರು ದಾಟಿದರೆ ಮಾತ್ರ ರಕ್ತ ತೆಗೆಯುವವರನ್ನು ಕೂರಿಸಿಕೊಂಡು ಮಾತಾಡಬೇಕು ಎಂಬುದು ಲ್ಯಾಬಿನವರ ಹಳೆಯ ಲೆಕ್ಕ. ಅವತ್ತು ಔಷಧಿ ಕೊಡದೆ ಬಿಟ್ಟದ್ದು ಸರಿಯಾದ ತೀರ್ಮಾನ. ಕೊಡುವುದು ಸುಲಭ, ಬಿಡುವುದಕ್ಕೆ ಧೈರ್ಯ ಬೇಕು.

ಎರಡನೇ ರಿಪೋರ್ಟಿನ ಕಥೆಯೇ ಬೇರೆ. ಕತ್ತಿನ ಲೈನಿನಿಂದ ತೆಗೆದ ರಕ್ತ 11 ಗಂಟೆಗೇ ಕೂಗಿದೆ. ಅದೇ ಹೊತ್ತಿಗೆ ಕೈಯಿಂದ ತೆಗೆದದ್ದು 15 ಗಂಟೆಗೆ ಕೂಗಿದೆ. ನಾಲ್ಕೂ ಬಾಟಲಿಯಲ್ಲಿ ಬೆಳೆದಿದೆ. ಚರ್ಮದಿಂದ ಅಕಸ್ಮಾತ್ ಬಿದ್ದಿದ್ದರೆ ಎರಡು ಬೇರೆ ಜಾಗದ ನಾಲ್ಕು ಬಾಟಲಿಗೂ ಒಂದೇ ಬ್ಯಾಕ್ಟೀರಿಯಾ ಬೀಳುವುದಿಲ್ಲ. ಆ 4 ಗಂಟೆಯ ಅಂತರ ಗಮನಿಸಿ. ಲೈನಿನ ರಕ್ತ ಕೈಯ ರಕ್ತಕ್ಕಿಂತ 2 ಗಂಟೆಯೋ ಅದಕ್ಕಿಂತ ಜಾಸ್ತಿಯೋ ಮೊದಲು ಕೂಗಿದರೆ, ಬ್ಯಾಕ್ಟೀರಿಯಾದ ಮನೆ ಲೈನಿನಲ್ಲೇ ಇದೆ ಎಂದು ಅರ್ಥ. ಅಲ್ಲಿ ದಟ್ಟವಾಗಿವೆ, ಆದ್ದರಿಂದ ಬೇಗ ಬೆಳೆದವು. ಕೈಯವರೆಗೆ ಬರುವಷ್ಟರಲ್ಲಿ ರಕ್ತದಲ್ಲಿ ಕಲಸಿ ವಿರಳವಾಗಿವೆ. ಒಂದೇ ಪ್ರಮಾಣದ ರಕ್ತ, ಒಂದೇ ಹೊತ್ತಿನಲ್ಲಿ ತೆಗೆದಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ನಿಮ್ಮ ಆಸ್ಪತ್ರೆಯವರು ಎರಡೂ ಸೆಟ್ಟಿನ ಬಾಟಲಿಗಳ ಮೇಲೆ ಹೊತ್ತು ಬರೆದಿದ್ದಾರೆ. ಅದನ್ನು ಬರೆದ ಸಿಸ್ಟರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ.

ಇನ್ನೊಂದು ವಿಷಯ. ‘ಮತ್ತೆ ಅದೇ ಹೆಸರು’ ಎಂದು ಬರೆದಿದ್ದೀರಿ. ಅದು ಹೆಸರಲ್ಲ, ಮನೆತನ. ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾವನ್ನು ಪ್ಲಾಸ್ಮಾಕ್ಕೆ, ಅಂದರೆ ರಕ್ತದ ತಿಳಿ ಭಾಗಕ್ಕೆ, ಹಾಕಿ ನೋಡುತ್ತೇವೆ. ಹೆಪ್ಪು ಹಾಕಿದ ಹಾಲಿನ ಹಾಗೆ ಪ್ಲಾಸ್ಮಾ ಗಟ್ಟಿಯಾದರೆ ಅದು ಹೆಚ್ಚಾಗಿ ಸ್ಟೆಫಿಲೋಕಾಕಸ್ ಆರಿಯಸ್. ಅದು ಜೋರು ಆಸಾಮಿ. ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಸಿಕ್ಕರೂ ನಾವು ಸುಮ್ಮನೆ ಬಿಡುವುದಿಲ್ಲ. ಗಟ್ಟಿಯಾಗದೆ ಉಳಿದ ನಲವತ್ತಕ್ಕೂ ಹೆಚ್ಚು ಬಗೆಗಳನ್ನು ಒಟ್ಟಾಗಿ ‘ಕೋಯಾಗ್ಯುಲೇಸ್ ನೆಗೆಟಿವ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತೇವೆ. ನಿಮ್ಮ ಮೊದಲನೇ ರಿಪೋರ್ಟಿನಲ್ಲಿ ಬಂದದ್ದು ಹೊಮಿನಿಸ್, ಎರಡನೆಯದರಲ್ಲಿ ಎಪಿಡರ್ಮಿಡಿಸ್. ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿಯೂ ಬೇರೆ ಬೇರೆ. ಅಂದರೆ 9ನೇ ದಿನ ಬಂದವನು ಬೇರೆ, 17ನೇ ದಿನದವನು ಬೇರೆ. ಮೊದಲ ಸಲವೇ ಔಷಧಿ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ ಎಂಬ ಕೊರಗು ಇಟ್ಟುಕೊಳ್ಳಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿರುಪದ್ರವಿ ಅಂದಮೇಲೆ ನಡುಕ, ಜ್ವರ ಯಾಕೆ?

ನನ್ನ ಅನುಭವದಲ್ಲಿ ಈ ‘ನಿರುಪದ್ರವಿ’ ಎಂಬ ಮಾತೇ ಜನರ ದಾರಿ ತಪ್ಪಿಸುತ್ತದೆ. ಯಾವ ಬ್ಯಾಕ್ಟೀರಿಯಾದ ಹಣೆಯ ಮೇಲೂ ಹಾಗೆ ಬರೆದಿಲ್ಲ. ಅದು ಎಲ್ಲಿದೆ, ಯಾರ ಮೈಯಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅಟ್ಟದ ಮೇಲಿನ ಇಲಿ ಕಾಟ ಕೊಟ್ಟರೂ ಜೀವನ ನಡೆಯುತ್ತೆ. ಅದೇ ಇಲಿ ಫ್ಯೂಸ್ ಬಾಕ್ಸಿನೊಳಗೆ ಹೊಕ್ಕರೆ ಮನೆಗೇ ಕತ್ತಲೆ.

ನಮ್ಮೆಲ್ಲರ ಮೈಮೇಲೆ, ಮೈಯೊಳಗೆ ಇರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಸ್ವಂತ ಜೀವಕೋಶಗಳೂ ಹತ್ತಿರ ಹತ್ತಿರ ಅಷ್ಟೇ. ತೂಗಿದರೆ ಅವೆಲ್ಲ ಸೇರಿ ಸುಮಾರು ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ. ಇವು ರಕ್ತಕ್ಕೆ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. ಬೆಳಿಗ್ಗೆ ಹಲ್ಲುಜ್ಜುವಾಗ ನಿಮ್ಮ ಬಾಯಿಯ ಬ್ಯಾಕ್ಟೀರಿಯಾ ಒಂದಷ್ಟು ರಕ್ತಕ್ಕೆ ಹೋಗಿರುತ್ತವೆ. ಲಿವರ್ ಮತ್ತು ಗುಲ್ಮ ಅವನ್ನು ಸ್ವಲ್ಪ ಹೊತ್ತಿನಲ್ಲೇ ಸೋಸಿ ತೆಗೆದುಬಿಡುತ್ತವೆ. ನೀವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಜ್ವರವೂ ಇಲ್ಲ, ಸುದ್ದಿಯೂ ಇಲ್ಲ.

ಐಸಿಯು ರೋಗಿಯಲ್ಲಿ ಮೂರು ನಾಲ್ಕು ಬಾಗಿಲು ಒಟ್ಟಿಗೆ ತೆರೆದುಕೊಳ್ಳುತ್ತವೆ. ನಿಮ್ಮ ಮಾವನವರಿಗೆ ಪ್ಯಾಂಕ್ರಿಯಾಸ್ ಉರಿಯೂತ. ಅದರ ಬಿಸಿಗೆ ಕರುಳಿನ ಗೋಡೆ ಸಡಿಲವಾಗುತ್ತದೆ. ಒಳಗಿರಬೇಕಾದ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟರೋಕಾಕಸ್ ಹೊರಗೆ ಜಿನುಗುತ್ತವೆ. ಶುಗರ್ ಜಾಸ್ತಿ ಇದ್ದರೆ ಬಿಳಿ ರಕ್ತಕಣಗಳು ಸೋಮಾರಿಯಾಗುತ್ತವೆ. ಕೀಮೋ ತೆಗೆದುಕೊಳ್ಳುವವರಿಗಾದರೆ ಆ ಕಣಗಳೇ ನೆಲ ಕಚ್ಚಿರುತ್ತವೆ, ಬಾಯಿಯೆಲ್ಲ ಹುಣ್ಣಾಗಿರುತ್ತದೆ. ಆಗ ಹಲ್ಲಿನ ಸಂದಿಯ ಪಾಪದ ಸ್ಟ್ರೆಪ್ಟೋಕಾಕಸ್ಸೇ ರಕ್ತದೊತ್ತಡ ಬೀಳಿಸುವಷ್ಟು ದೊಡ್ಡ ನಂಜು ಏರಿಸಬಲ್ಲದು. ಹಿಂದೆ ಕೊಟ್ಟ ಆ್ಯಂಟಿಬಯಾಟಿಕ್ಕುಗಳು ಮೆತ್ತಗಿನ ಬ್ಯಾಕ್ಟೀರಿಯಾವನ್ನೆಲ್ಲ ಕೊಂದು, ಮೊಂಡು ಜಾತಿಗೆ ಜಾಗ ಖಾಲಿ ಮಾಡಿಕೊಟ್ಟಿರುತ್ತವೆ.

ಇವೆಲ್ಲಕ್ಕಿಂತ ಮುಖ್ಯ ಆ ಪೈಪು. ಎಪಿಡರ್ಮಿಡಿಸ್‌ಗೆ ಹೇಳಿಕೊಳ್ಳುವಂಥ ವಿಷವಿಲ್ಲ. ಆರಿಯಸ್ಸಿನ ಹಾಗೆ ಕೊರೆದು ನುಗ್ಗುವ ಆಯುಧವೂ ಇಲ್ಲ. ಅದಕ್ಕೆ ಗೊತ್ತಿರುವ ವಿದ್ಯೆ ಒಂದೇ, ಅಂಟಿಕೊಳ್ಳುವುದು. ಪ್ಲಾಸ್ಟಿಕ್ ಸಿಕ್ಕರೆ ಹಿಡಿದು ಕೂತು, ಸುತ್ತ ಲೋಳೆ ಕಟ್ಟುತ್ತದೆ. ವರ್ಷಗಟ್ಟಲೆ ತೊಳೆಯದ ನೀರಿನ ಸಂಪಿನ ಒಳಗೋಡೆಗೆ ಕೈ ಹಾಕಿ ನೋಡಿದ್ದೀರಾ? ಜಾರುತ್ತದಲ್ಲ, ಅದೇ. ಅದಕ್ಕೆ ನಾವು ಬಯೋಫಿಲ್ಮ್ ಅನ್ನುತ್ತೇವೆ. ಆ ಲೋಳೆಯ ತಳದಲ್ಲಿರುವ ಬ್ಯಾಕ್ಟೀರಿಯಾ ಊಟ ಕಡಿಮೆ ಮಾಡಿ ಅರೆನಿದ್ರೆಯಲ್ಲಿರುತ್ತವೆ. ಆ್ಯಂಟಿಬಯಾಟಿಕ್‌ಗಳು ಹೆಚ್ಚಾಗಿ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಮಲಗಿರುವವಕ್ಕೆ ಅದು ತಾಗುವುದೇ ಕಷ್ಟ. ಬಿಳಿ ಕಣಗಳೂ ಆ ಲೋಳೆಯನ್ನು ನುಂಗಲು ಹೋಗಿ ಸೋಲುತ್ತವೆ. ಹೀಗೆ ಬೇರು ಬಿಟ್ಟ ಮೇಲೆ, ಲೈನಿಗೆ ಸಲೈನ್ ತಳ್ಳಿದಾಗಲೆಲ್ಲ ಒಂದಷ್ಟು ಕಿತ್ತು ರಕ್ತಕ್ಕೆ ಬೀಳುತ್ತವೆ. ಔಷಧಿ ಕೊಟ್ಟ ಅರ್ಧ ಗಂಟೆಗೆ ನಡುಕ ಬಂತು ಎಂದು ಎಷ್ಟೋ ಮನೆಯವರು ಹೇಳುತ್ತಾರೆ. ‘ಔಷಧಿ ಒಗ್ಗಲಿಲ್ಲ’ ಅಂದುಕೊಳ್ಳುತ್ತಾರೆ. ಹಲವು ಸಲ ಅದು ಔಷಧಿಯಲ್ಲ, ಅದು ಹೋದ ದಾರಿ.

ಅದಕ್ಕೇ ಎರಡನೇ ಡಾಕ್ಟರು ಮೊದಲು ಲೈನ್ ತೆಗೆಸಿದ್ದು. ವ್ಯಾಂಕೋಮೈಸಿನ್ ಕೊಟ್ಟದ್ದೂ ಸರಿ. ಆಸ್ಪತ್ರೆಯಲ್ಲಿ ಓಡಾಡುವ ಎಪಿಡರ್ಮಿಡಿಸ್‌ಗಳಲ್ಲಿ ಹೆಚ್ಚಿನವು ಮಾಮೂಲಿ ಪೆನ್ಸಿಲಿನ್ ಜಾತಿಯ ಔಷಧಿಗಳಿಗೆ ಬಗ್ಗುವುದಿಲ್ಲ. ವ್ಯಾಂಕೋಮೈಸಿನ್ ಹಳೆಯ ಔಷಧಿ. ಬೋರ್ನಿಯೋ ಕಾಡಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ತೆಗೆದದ್ದು, 1958ರಿಂದ ಬಳಕೆಯಲ್ಲಿದೆ. ಮೊದಮೊದಲು ಎಷ್ಟು ಕೊಳಕಾಗಿ, ಕಂದು ಬಣ್ಣದಲ್ಲಿ ಬರುತ್ತಿತ್ತೆಂದರೆ ಡಾಕ್ಟರುಗಳು ಅದನ್ನು ‘ಮಿಸಿಸಿಪ್ಪಿ ಕೆಸರು’ ಎಂದು ಕರೆಯುತ್ತಿದ್ದರು. ಈಗ ಶುದ್ಧವಾಗಿದೆ. ಆದರೂ ಕಿಡ್ನಿಯ ಮೇಲೆ ಕಣ್ಣಿಡಬೇಕು. ಶುಗರ್ ಇರುವವರಲ್ಲಿ ಇನ್ನೂ ಜಾಸ್ತಿ. ಲೈನ್ ತೆಗೆದು, ಜ್ವರ ಇಳಿದು, ಬೇರೆ ತೊಡಕು ಇಲ್ಲದಿದ್ದರೆ ಈ ಬ್ಯಾಕ್ಟೀರಿಯಾಗೆ 5ರಿಂದ 7 ದಿನದ ಔಷಧಿ ಸಾಮಾನ್ಯವಾಗಿ ಸಾಕು. ತೆಗೆದು ಮೂರು ದಿನವಾದರೂ ರಕ್ತದಲ್ಲಿ ಬೆಳೆಯುತ್ತಲೇ ಇದ್ದರೆ ಹೃದಯದ ಕವಾಟವನ್ನು ಎಕೋ ಮಾಡಿ ನೋಡಬೇಕಾಗುತ್ತದೆ.

ನಿರುಪದ್ರವಿ ಎಂಬ ಮಾತಿಗೆ ಹಿಂದೆ ದೊಡ್ಡ ದೊಡ್ಡವರೂ ಮೋಸ ಹೋಗಿದ್ದಾರೆ. ಸೆರೇಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಇದೆ. ನಿಮ್ಮ ಬಚ್ಚಲುಮನೆಯ ಟೈಲ್ಸ್ ಸಂದಿಯಲ್ಲಿ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಇದೇ ಇರಬಹುದು. 1819ರಲ್ಲಿ ಇಟಲಿಯ ಪಾಡುವಾ ಹತ್ತಿರದ ಹಳ್ಳಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿ ರಕ್ತದ ಬಣ್ಣಕ್ಕೆ ತಿರುಗಿ, ಜನ ದೆವ್ವದ ಕಾಟ ಎಂದು ಹೆದರಿದ್ದರು. ಬಾರ್ತೊಲೊಮಿಯೊ ಬಿಜಿಯೊ ಎಂಬ ಔಷಧ ತಜ್ಞ ಇದು ಯಾವುದೋ ಸೂಕ್ಷ್ಮ ಜೀವಿಯ ಕೆಲಸ ಎಂದು ತೋರಿಸಿ ಹೆಸರಿಟ್ಟ. ಕೆಂಪು ಬಣ್ಣ, ಕಣ್ಣಿಗೆ ಸುಲಭವಾಗಿ ಕಾಣುತ್ತೆ, ಯಾರಿಗೂ ಏನೂ ಮಾಡಲ್ಲ. ಹಾಗಾಗಿ ವಿಜ್ಞಾನಿಗಳಿಗೆ ಇದು ಅಚ್ಚುಮೆಚ್ಚು. 1900ರ ದಶಕದಲ್ಲಿ ಲಂಡನ್ನಿನಲ್ಲಿ ಗಾರ್ಡನ್ ಎಂಬ ವೈದ್ಯ ಇದನ್ನು ಬಾಯಲ್ಲಿ ಮುಕ್ಕಳಿಸಿಕೊಂಡು, ಖಾಲಿ ಸಂಸತ್ತಿನಲ್ಲಿ ನಿಂತು ಶೇಕ್ಸ್‌ಪಿಯರ್ ನಾಟಕದ ಮಾತುಗಳನ್ನು ಜೋರಾಗಿ ಹೇಳಿದ. ಮಾತಾಡುವಾಗ ಎಂಜಲು ಎಷ್ಟು ದೂರ ಹಾರುತ್ತದೆ ಎಂದು ನೋಡಲು ಸಭಾಂಗಣದ ತುಂಬ ತಟ್ಟೆಗಳನ್ನು ಇಟ್ಟಿದ್ದರು.

ಅಲ್ಲಿಗೆ ನಿಂತಿದ್ದರೆ ನಗುವ ಕಥೆಯಾಗಿರುತ್ತಿತ್ತು. 1950ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆಯವರು ಜೈವಿಕ ದಾಳಿ ನಡೆದರೆ ಹೇಗೆ ಹರಡಬಹುದು ಎಂದು ತಿಳಿಯಲು, ಹಡಗಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲೆ ಗುಟ್ಟಾಗಿ ಇದನ್ನು ಸಿಂಪಡಿಸಿದರು. ನಿರುಪದ್ರವಿ ತಾನೇ ಎಂಬ ಧೈರ್ಯ. ಅದರ ಬೆನ್ನಲ್ಲೇ ಆ ಊರಿನ ಒಂದು ಆಸ್ಪತ್ರೆಯಲ್ಲಿ 11 ರೋಗಿಗಳಲ್ಲಿ ಸೆರೇಶಿಯಾ ಕಾಣಿಸಿಕೊಂಡಿತು. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದ ಒಬ್ಬ ವೃದ್ಧರ ಹೃದಯದ ಕವಾಟಕ್ಕೆ ಹತ್ತಿ ಅವರು ತೀರಿಕೊಂಡರು. ವೈದ್ಯರಿಗೆ ಎಲ್ಲಿಂದ ಬಂತೆಂದೇ ಗೊತ್ತಾಗಲಿಲ್ಲ. ವಿಚಿತ್ರ ಪ್ರಕರಣ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಸಿಂಪಡಿಸಿದ ಸಂಗತಿ ಹೊರಬಿದ್ದದ್ದು ಕಾಲು ಶತಮಾನದ ನಂತರ. ಕುಟುಂಬದವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಸೇನೆ ಸಿಂಪಡಿಸಿದ ತಳಿಯೇ ಅದು ಎಂದು ಸಾಬೀತಾಗಲೂ ಇಲ್ಲ. ಆದರೆ ಒಂದಂತೂ ಖಚಿತ. ಅಷ್ಟು ದೊಡ್ಡ ಊರಿನಲ್ಲಿ ಲಕ್ಷಾಂತರ ಜನ ಉಸಿರಾಡಿದ ಗಾಳಿ ಅದು. ಸೆರೇಶಿಯಾ ಹಿಡಿದದ್ದು ಆಸ್ಪತ್ರೆಯಲ್ಲಿ ಮಲಗಿದ್ದವರನ್ನು. ಇವತ್ತು ಐಸಿಯುಗಳಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ, ಸೆರೇಶಿಯಾ ಬಂತೆಂದರೆ ನಮಗೆ ನಿದ್ದೆ ಬರುವುದಿಲ್ಲ.

ನೀವು ಚಿತ್ರದುರ್ಗದ ಕಡೆಯವರು, ಈರುಳ್ಳಿ ಕೊಳೆಯುವುದು ನಿಮಗೆ ಹೊಸದೇನಲ್ಲ. 1950ರಲ್ಲೇ ಅಮೆರಿಕದ ಬರ್ಕ್‌ಹೋಲ್ಡರ್ ಎಂಬ ಸಸ್ಯರೋಗ ತಜ್ಞ ಈರುಳ್ಳಿ ಕೊಳೆಸುವ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದ. ಈಗ ಅದಕ್ಕೆ ಅವನದೇ ಹೆಸರು, ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ. ಆರೋಗ್ಯವಂತ ಮನುಷ್ಯನಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರ ದಾಯಾದಿಯೊಬ್ಬ ಇದ್ದಾನೆ, ಮೆಲಿಯಾಯ್ಡೋಸಿಸ್ ತರುವವನು. ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ಶುಗರ್ ಇರುವ ರೈತರನ್ನು ಹಿಡಿಯುತ್ತಾನೆ. ಅವನು ನಿಜವಾಗಿಯೂ ಕೆಟ್ಟವನು, ಅವನ ಮಾತು ಇಲ್ಲಿ ಬೇಡ. ಈರುಳ್ಳಿಯವನ ಮೊಂಡುತನ ಬೇರೆ ಥರದ್ದು. ಸೂಕ್ಷ್ಮಾಣು ಕೊಲ್ಲಲೆಂದೇ ಮಾಡಿದ ದ್ರಾವಣದಲ್ಲೂ ಬದುಕುತ್ತಾನೆ. ಬೆಂಜಾಲ್ಕೋನಿಯಂ ಬೆರೆಸಿಟ್ಟ ಉಪ್ಪಿನ ದ್ರಾವಣದಲ್ಲಿ 14 ವರ್ಷ ಜೀವಂತವಾಗಿದ್ದದ್ದು ದಾಖಲಾಗಿದೆ.

ನಾನು ಲ್ಯಾಬಿಗೆ ಸೇರಿದ ಎರಡನೇ ವರ್ಷ ಈ ಆಸಾಮಿ ನನಗೆ ಪಾಠ ಕಲಿಸಿದ. ಒಂದೇ ವಾರ್ಡಿನಿಂದ ಹತ್ತು ದಿನದಲ್ಲಿ ನಾಲ್ಕು ಜನರ ರಕ್ತದಲ್ಲಿ ಬಂದ. ಮೊದಲಿನ ಎರಡನ್ನು ನಾನು ಕಂಟಾಮಿನೇಷನ್ ಎಂದು ಬದಿಗಿಟ್ಟೆ. ಮೂರನೆಯದಕ್ಕೆ ನಮ್ಮ ಹಿರಿಯ ಟೆಕ್ನಿಷಿಯನ್ ಸುಮ್ಮನಿರಲಿಲ್ಲ. ‘ಮೇಡಂ, ಈರುಳ್ಳಿ ಮಂಡಿಯಲ್ಲಿರೋದು ಮೂರು ಜನರ ರಕ್ತಕ್ಕೆ ಒಟ್ಟಿಗೆ ಬರುತ್ತಾ?’ ಎಂದರು. ನಾಚಿಕೆಯಾಯಿತು. ವಾರ್ಡಿಗೆ ಹೋಗಿ ಎಲ್ಲ ಬಾಟಲಿ, ಎಲ್ಲ ದ್ರಾವಣದ ಸ್ಯಾಂಪಲ್ ತಂದೆವು. ಸಿಕ್ಕಿದ್ದು ಒಂದು ದೊಡ್ಡ ಸಲೈನ್ ಬಾಟಲಿಯಲ್ಲಿ. ಅದರ ರಬ್ಬರ್ ಬಿರಡೆಗೆ ಒಂದು ಸೂಜಿ ಚುಚ್ಚಿಟ್ಟು, ಇಡೀ ದಿನ ಎಲ್ಲ ರೋಗಿಗಳ ಲೈನ್ ತೊಳೆಯಲು ಅದರಿಂದಲೇ ಎಳೆಯುತ್ತಿದ್ದರು. ಯಾರೂ ಕೆಟ್ಟವರಲ್ಲ. ಸಣ್ಣ ಸಲೈನ್ ಆಂಪ್ಯೂಲ್‌ಗಳ ಸ್ಟಾಕ್ ಮುಗಿದಿತ್ತು, ಅಷ್ಟೇ. ನಾಲ್ಕನೇ ರೋಗಿಯನ್ನು ಉಳಿಸಿಕೊಳ್ಳಬಹುದಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ದೊಡ್ಡ ಮಟ್ಟದಲ್ಲೂ ಹೀಗಾಗಿದೆ. 1970-71ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನೂರಾರು ಜನರ ರಕ್ತದಲ್ಲಿ ಗಿಡ, ನೀರಿನಲ್ಲಿ ಸಾಮಾನ್ಯವಾಗಿರುವ ಎಂಟರೋಬ್ಯಾಕ್ಟರ್ ಜಾತಿ ಸಿಕ್ಕಿತು. ಹುಡುಕುತ್ತಾ ಹೋದರೆ ಸಿಕ್ಕ ಮೂಲ, ಗ್ಲೂಕೋಸ್ ಬಾಟ್ಲಿಯ ತಿರುಪು ಮುಚ್ಚಳದೊಳಗಿನ ಹೊಸ ಬಗೆಯ ಪದರ. ಆದ್ದರಿಂದಲೇ ಒಬ್ಬ ರೋಗಿಯಲ್ಲಿ ಬಂದರೆ ಅದು ಅವರ ಮೈಯ ಕಥೆ, ಒಂದೇ ವಾರ್ಡಿನಲ್ಲಿ ನಾಲ್ಕು ಜನಕ್ಕೆ ಬಂದರೆ ಅದು ಬಾಟಲಿಯ ಕಥೆ ಎಂದು ನಾನು ಹೊಸ ಹುಡುಗರಿಗೆ ಹೇಳುತ್ತಿರುತ್ತೇನೆ.

ಹಾಗಾದರೆ ನಿಮ್ಮ ಮಾವನವರ ವಿಷಯದಲ್ಲಿ ಆಸ್ಪತ್ರೆಯವರ ತಪ್ಪಿದೆಯಾ? ಒಂದೇ ಮಾತಿನಲ್ಲಿ ಹೌದು, ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. 17 ದಿನ ಕತ್ತಿನ ದೊಡ್ಡ ರಕ್ತನಾಳದಲ್ಲಿ ಪೈಪ್ ಇತ್ತು. ದಿನ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅವರಿಗೆ ರಕ್ತದೊತ್ತಡ ಏರಿಸುವ ಔಷಧಿ ನಡೆಯುತ್ತಿತ್ತು ಎಂದು ಚೀಟಿಯಲ್ಲಿದೆ. ಅಂಥ ಔಷಧಿಯನ್ನು ದಿನಗಟ್ಟಲೆ ಕೊಡಲು ಕೈಯ ಸಣ್ಣ ನಾಳ ಸರಿಯಾದ ಜಾಗವಲ್ಲ. ಲೈನ್ ಬೇಕೇ ಬೇಕಿತ್ತು. ಆದರೆ ಇಂಥ ಸೋಂಕು ಹಣೆಬರಹವೂ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯ ಮತ್ತು ಜೊತೆಗಾರರು ಐದು ಕೆಲಸ ಕಡ್ಡಾಯ ಮಾಡಿಸಿದರು. ಕೈ ತೊಳೆಯುವುದು, ಲೈನ್ ಹಾಕುವಾಗ ಗೌನು-ಗ್ಲೌಸು ತೊಟ್ಟು ರೋಗಿಯನ್ನು ಪೂರ್ತಿ ಸ್ಟೆರೈಲ್ ಬಟ್ಟೆಯಿಂದ ಮುಚ್ಚುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಹಚ್ಚುವುದು, ಆದಷ್ಟೂ ತೊಡೆಸಂದಿಯ ನಾಳ ಬಿಡುವುದು, ಬೇಡವಾದ ಕೂಡಲೇ ತೆಗೆಯುವುದು. ಹೊಸ ಔಷಧಿ ಏನೂ ಇಲ್ಲ, ಹೊಸ ಮೆಷಿನ್ ಇಲ್ಲ. ಒಂದು ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಲೆಕ್ಕ ನೋಡಿದ ಮೇಲೆ ‘ಐಸಿಯು ಅಂದಮೇಲೆ ಇದೆಲ್ಲ ಇದ್ದದ್ದೇ’ ಎನ್ನುವವರ ಮಾತು ನನಗೆ ರುಚಿಸುವುದಿಲ್ಲ. ಹಾಗೆಂದು ಒಬ್ಬ ಸಿಸ್ಟರನ್ನು ಹಿಡಿದು ಬೈದರೂ ಏನೂ ಬದಲಾಗುವುದಿಲ್ಲ. ಅವರು ಅದೇ ಹೊತ್ತಿನಲ್ಲಿ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು ಎಂದೂ ಕೇಳಬೇಕಾಗುತ್ತದೆ.

ಕೊನೆಗೆ ಅತ್ತೆಯವರ ಪುಡಿ. ಇದರಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ.

ಅವರ ಪ್ರೀತಿ ಅರ್ಥವಾಗುತ್ತದೆ. ಹೊಟ್ಟೆ ಕೆಟ್ಟರೆ ಮೊಸರನ್ನ, ಅದು ನಮ್ಮೆಲ್ಲರ ಮನೆಯ ಔಷಧಿ. ಆದರೆ ನಿಮ್ಮ ಮಾವನವರ ಕಾಯಿಲೆಯಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಪ್ಯಾಂಕ್ರಿಯಾಸ್ ಉರಿಯೂತದವರಿಗೆ ಕರುಳಿನ ಪೈಪಿನಲ್ಲಿ ಆರು ಬಗೆಯ ‘ಒಳ್ಳೆ ಬ್ಯಾಕ್ಟೀರಿಯಾ’ ಕೊಟ್ಟರು. ಸೋಂಕು ಕಡಿಮೆಯಾಗುತ್ತದೆ ಎಂಬ ಆಸೆ. 2008ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಪ್ರೋಬಯಾಟಿಕ್ ಪಡೆದ 152 ಜನರಲ್ಲಿ 24 ಮಂದಿ ತೀರಿಕೊಂಡಿದ್ದರು. ಸುಮ್ನೆ ಹುಸಿ ಪುಡಿ ಪಡೆದ 144 ಜನರಲ್ಲಿ 9 ಮಂದಿ. ಸೋಂಕೂ ಕಡಿಮೆಯಾಗಿರಲಿಲ್ಲ. ಪ್ರೋಬಯಾಟಿಕ್ ಪಡೆದ 9 ಜನರಿಗೆ ಕರುಳಿಗೆ ರಕ್ತ ಸಾಲದೆ ಹೋಗಿತ್ತು. ಇನ್ನೊಂದು ಗುಂಪಿನಲ್ಲಿ ಹಾಗಾದವರು ಒಬ್ಬರೂ ಇರಲಿಲ್ಲ.

ಇನ್ನೊಂದು ಅಧ್ಯಯನ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯದು. ಐಸಿಯುನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕ್ಯಾಪ್ಸೂಲಿನ ಪುಡಿ ಪಡೆದ 522 ರೋಗಿಗಳಲ್ಲಿ 6 ಮಂದಿಯ ರಕ್ತದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬೆಳೆಯಿತು. ಪಡೆಯದ 21,652 ಜನರಲ್ಲಿ ಬೆಳೆದದ್ದು ಇಬ್ಬರಲ್ಲಿ. ಜೀನೋಮ್ ಹೋಲಿಸಿ ನೋಡಿದರೆ ರಕ್ತದಲ್ಲಿದ್ದದ್ದು ಕ್ಯಾಪ್ಸೂಲಿನಲ್ಲಿದ್ದದ್ದೇ. 2019ರಲ್ಲಿ ಇದು ಪ್ರಕಟವಾಯಿತು. 2023ರಲ್ಲಿ ಅಮೆರಿಕದಲ್ಲಿ ಒಂದು ಕೆಜಿಯೂ ತೂಗದ ಮಗುವೊಂದು ಇಂಥದೇ ಪ್ರೋಬಯಾಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾ ರಕ್ತಕ್ಕೇರಿ ತೀರಿಕೊಂಡಿತು. ಆಮೇಲೆ ಅಲ್ಲಿನ ಔಷಧ ನಿಯಂತ್ರಕರು ದಿನ ತುಂಬದ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟರು. ಪುಡಿಯ ಪೊಟ್ಟಣ ಹರಿದಾಗ ಅದರ ಧೂಳು ಕೈಗೆ ಹತ್ತುತ್ತದೆ, ಅದೇ ಕೈ ಲೈನಿನ ಬಾಯಿ ಮುಟ್ಟುತ್ತದೆ. ಆಗಲೇ ಹೇಳಿದ ಎರಡನೇ ದಾರಿ ನೆನಪಿದೆಯಲ್ಲ?

ಇದರಿಂದ ಮೊಸರಿಗೇ ಹೆದರಬೇಡಿ. ಮಾವನವರು ಲೈನೆಲ್ಲ ತೆಗೆಸಿಕೊಂಡು, ಎದ್ದು ಕೂತು, ಬಾಯಲ್ಲಿ ಊಟ ಮಾಡುವಂತಾದಾಗ, ಡಾಕ್ಟರು ಸರಿ ಅಂದರೆ, ಅತ್ತೆಯವರ ಕೈಯಿಂದಲೇ ಮೊಸರನ್ನ ತಿನ್ನಿಸಲಿ. ಅಲ್ಲಿಯವರೆಗೆ ಮೂಗಿನ ಪೈಪಿನಲ್ಲಿ ಡಾಕ್ಟರು ಬರೆದದ್ದು ಬಿಟ್ಟು ಬೇರೇನೂ ಹೋಗಬಾರದು.

ನೀವು ಮಾಡಬಹುದಾದ ಕೆಲಸ ಇನ್ನೊಂದಿದೆ. ನಾಳೆ ರೌಂಡ್ಸ್ ಹೊತ್ತಿಗೆ ಹೋಗಿ, ಜಗಳದ ದನಿ ಇಲ್ಲದೆ ಎರಡು ವಿಷಯ ಕೇಳಿ. ಲೈನ್ ತೆಗೆದ ಮೇಲೆ ಮತ್ತೆ ಬ್ಲಡ್ ಕಲ್ಚರ್ ಕಳಿಸಿದ್ದಾರಾ, ಅದು ಏನು ಬಂತು? ನೀವು ಕಳಿಸಿದ ಕಾಗದಗಳಲ್ಲಿ ಅದು ನನಗೆ ಕಾಣಲಿಲ್ಲ. ಹೊಸ ಲೈನು, ಮೂತ್ರದ ಪೈಪು ಇವತ್ತಿಗೂ ಬೇಕಾ? ಎರಡನೆಯದನ್ನು ದಿನಾ ಕೇಳಿ. ಕೆಲವು ಡಾಕ್ಟರಿಗೆ ಕಿರಿಕಿರಿಯಾಗಬಹುದು. ನನಗೆ ಗೊತ್ತಿರುವ ಒಳ್ಳೆಯ ಐಸಿಯುಗಳಲ್ಲಿ ಡಾಕ್ಟರುಗಳೇ ಒಬ್ಬರಿಗೊಬ್ಬರು ಇದನ್ನು ದಿನಾ ಬೆಳಿಗ್ಗೆ ಕೇಳಿಕೊಳ್ಳುತ್ತಾರೆ. ಹೋಗುವಾಗ ನಾದಿನಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಉತ್ತರವನ್ನು ಅವರೇ ಕಿವಿಯಾರೆ ಕೇಳಲಿ.